ಸಿಸ್ಟರಮ್ಮನ ಹೊಸ ಬೂಟು

ಸಿಸ್ಟರಮ್ಮ ಮೊದಲ ಸಲ ನಮ್ಮ ಮನೆಗೆ ಬಂದಾಗ ನನಗೆ ಒಂಚೂರೂ ಹಿಡಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಆಮೇಲೆ ನಾನು ಅವರನ್ನು ಹೊಗಳತೊಡಗಿದಾಗ, ಏನೋ ಹಳೆಯ ಸ್ನೇಹ, ಅದಕ್ಕೇ ಹೊಗಳುತ್ತಾಳೆ ಎಂದು ನೀವು ತಿಳಿದುಕೊಳ್ಳುತ್ತೀರಿ. ಎತ್ತರದ ಆಳು, ಅಗಲವಾದ ಹೆಗಲು. ಬಾಗಿಲಲ್ಲಿ ಬಂದು ನಿಂತರೆ ನಡುಮನೆಯ ಬೆಳಕು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ಕಂಕುಳಲ್ಲಿ ಔಷಧಿಯ ಚೀಲ. ಬಂದವರು ರೋಗಿ ಎಲ್ಲಿ, ಹೇಗಿದ್ದಾರೆ ಎಂದು ಕೇಳಲಿಲ್ಲ. "ಮೊದ್ಲು ಒಂದು ಕುರ್ಚಿ ಕೊಡಿ ತಾಯಿ. ನನ್ನ ಕಾಲು ನನ್ನ ಮಾತೇ ಕೇಳ್ತಾ ಇಲ್ಲ" ಎಂದರು. ಕೂತು, ಬೂಟು ಕಳಚಿ, ಪಾದಗಳನ್ನು ಮುಂದಕ್ಕೆ ಚಾಚಿ ನಿಟ್ಟುಸಿರು ಬಿಟ್ಟರು. ಅಷ್ಟು ದೊಡ್ಡ ಪಾದಗಳನ್ನು ನಾನು ಹೆಂಗಸರಲ್ಲಿ ಕಂಡಿರಲಿಲ್ಲ. ಶುಶ್ರೂಷೆಗೆ ಬಂದವರಿಗೆ ನಾವೇ ಶುಶ್ರೂಷೆ ಮಾಡಬೇಕಾದೀತು ಎಂದು ಅಕ್ಕನ ಕಿವಿಯಲ್ಲಿ ಹೇಳಿದೆ. ಅಕ್ಕ ನಗಲಿಲ್ಲ. ಆಗ ನಮ್ಮ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ರೋಗಿ ಎಂದರೆ ನನ್ನ ಭಾವ, ಅಕ್ಕನ ಗಂಡ. ಬೂಟು ಹೊಲಿಯುವುದು ಅವರ ಕಸುಬು. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟು ಮಾರುವಂಥವಲ್ಲ. ಬೆರಳು ಮಡಚಿಕೊಂಡವರು, ಪಾದ ಒಳಕ್ಕೆ ತಿರುಗಿದವರು, ಯಾವ ಅಂಗಡಿಯ ಬೂಟೂ ಕಾಲಿಗೆ ಕೂರದವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆ. ಅಲ್ಲಿ ಗೋಡೆಯುದ್ದಕ್ಕೂ ಮರದ ಪಾದಗಳು ತೂಗುತ್ತಿದ್ದವು. ಗಿರಾಕಿಯ ಪಾದದ ಅಳತೆಗೆ ಸರಿಯಾಗಿ ಮರದ ಅಚ್ಚು ಕೆತ್ತಿ, ಅದರ ಮೇಲೆ ತೊಗಲು ಎಳೆದು ಹೊಲಿಯುವುದು ಅವರ ಪದ್ಧತಿ.

ಈ ವಿದ್ಯೆ ಅವರಿಗೆ ಮಗಳಿಂದ ಬಂದದ್ದು. ಹುಟ್ಟಿದಾಗಲೇ ಅವಳ ಎಡಗಾಲು ಬಲಗಾಲಿಗಿಂತ ಗಿಡ್ಡ. ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಪಟ್ಟಿಯ ಬೂಟು ಹಾಕಿದರೆ ಮಗು ಇದ್ದಲ್ಲೇ ಕೂತು ಅಳುತ್ತಿತ್ತು. ಅಲ್ಲಿಯವರೆಗೆ ಸಾದಾ ಚಪ್ಪಲಿ ಹೊಲಿದುಕೊಂಡಿದ್ದ ಭಾವ ಅದನ್ನು ಬಿಚ್ಚಿ ನೋಡಿದರು. ಹಗುರವಾದ ಬೆಂಡನ್ನು ಪದರದ ಮೇಲೆ ಪದರ ಅಂಟಿಸಿ, ಎಡಗಡೆಯ ಅಟ್ಟೆಯನ್ನು ಎತ್ತರಿಸಿ, ಮೇಲೆ ತೊಗಲು ಹೊದಿಸಿ ಒಂದು ಪುಟ್ಟ ಜೊತೆ ಮಾಡಿಕೊಟ್ಟರು. ಮಗು ಎದ್ದು ಓಡಿತು. ಅಲ್ಲಿಂದ ಮುಂದೆ ಕಾಲು ಬೆಳೆದಂತೆಲ್ಲ ಹೊಸ ಅಚ್ಚು, ಹೊಸ ಬೂಟು. ಎಡಗಡೆಯದು ಯಾವಾಗಲೂ ಎತ್ತರ.

ಅವಳನ್ನು ನಾವು ಮೆಣಸು ಎಂದು ಕರೆಯುತ್ತಿದ್ದೆವು. ಆಕಾರ ಇಷ್ಟೇ ಇಷ್ಟು, ಖಾರ ಮಾತ್ರ ಕೇಳಬೇಡಿ. ಬೆಳೆದ ಮೇಲೆ ಅಪ್ಪನ ಕೆಲಸದ ಕೋಣೆಯಲ್ಲಿ ಗಿರಾಕಿಗಳ ಜೊತೆ ಮಾತಾಡುವ ಜವಾಬ್ದಾರಿ ಅವಳದೇ ಆಗಿತ್ತು. "ನಿಮ್ಮ ಕಾಲು ಸೊಟ್ಟ ಇಲ್ಲ ಅಜ್ಜಿ, ರಸ್ತೆ ಸೊಟ್ಟ" ಎಂದು ಹೇಳಿ ಅಜ್ಜಿಯರನ್ನು ನಗಿಸುತ್ತಿದ್ದಳು. ನನ್ನ ಜೊತೆ ಜಗಳವಾಡದೆ ಅವಳಿಗೆ ತಿಂಡಿ ಅರಗುತ್ತಿರಲಿಲ್ಲ, ನನಗೂ ಅರಗುತ್ತಿರಲಿಲ್ಲ. ಇಪ್ಪತ್ತು ತುಂಬುವ ಮೊದಲೇ, ಜ್ವರ ಎಂದು ಮಲಗಿದವಳು ಏಳಲಿಲ್ಲ. ಜ್ವರ ಮೆದುಳಿಗೆ ಏರಿತ್ತು ಎಂದರು. ಬರೆಯುವುದಕ್ಕೆ ಒಂದು ಸಾಲು ಸಾಕಾಯಿತು ನೋಡಿ.

ಆಮೇಲೆ ಭಾವ ಹಾಸಿಗೆ ಹಿಡಿದರು. ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಅತ್ತ ತಿರುಗಲಿಲ್ಲ, ಇತ್ತ ತಿರುಗಲಿಲ್ಲ. ಕೊಟ್ಟರೆ ಎರಡು ತುತ್ತು, ಇಲ್ಲದಿದ್ದರೆ ಅದೂ ಇಲ್ಲ. ಮೊದಲೇ ಸಕ್ಕರೆ ಕಾಯಿಲೆಯ ಮೈ. ಮಲಗಿ ಮಲಗಿ ಹಿಮ್ಮಡಿ ಹಾಸಿಗೆಗೆ ಒತ್ತಿ ಹುಣ್ಣಾಯಿತು. ಆಸ್ಪತ್ರೆಯಲ್ಲಿಟ್ಟು ಕಳಿಸುವಾಗ ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು: "ಎದ್ದು ಕೂತು, ಹೊಟ್ಟೆ ತುಂಬಾ ಊಟ ಮಾಡಿದ್ರೆ ಗಾಯ ಮಾಯುತ್ತೆ. ಹೀಗೇ ಮಲಗಿದ್ರೆ ಪಾದ ತೆಗೀಬೇಕಾಗುತ್ತೆ. ಪಾದಕ್ಕೇ ನಿಲ್ಲುತ್ತೆ ಅಂತಾನೂ ನಾನು ಹೇಳಲ್ಲ." ಊರಿನವರ ಕಾಲಿಗೆಲ್ಲ ಬೂಟು ಹೊಲಿದ ಮನುಷ್ಯ! ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ದಿನಾ ಬೆಳಿಗ್ಗೆ ಗಾಯ ತೊಳೆದು ಕಟ್ಟಲು ಒಬ್ಬ ನರ್ಸು ಮನೆಗೇ ಬರುತ್ತಾರೆ ಎಂದು ಆಸ್ಪತ್ರೆಯವರು ಹೇಳಿದರು. ಹಾಗೆ ಬಂದವರೇ ಈ ದೊಡ್ಡ ಪಾದದ ಸಿಸ್ಟರಮ್ಮ.

ಅಷ್ಟರಲ್ಲಿ ನಾವು ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೆವು. ಭಾವನ ಕಿವಿಗೆ ಮಗಳ ಹೆಸರು ಬೀಳಬಾರದು. ಅವಳ ಬಟ್ಟೆ, ಬೂಟು, ಬಾಚಣಿಗೆ ಎಲ್ಲ ಅಟ್ಟ ಸೇರಿದ್ದವು. ಬಂದ ನೆಂಟರಿಗೆ ಬಾಗಿಲಲ್ಲೇ ಎಚ್ಚರಿಕೆ. ಕೊನೆಗೆ ಅಡುಗೆಗೆ ಹಾಕುವ ಮೆಣಸನ್ನೂ ನಾವು ಮೆಣಸು ಎನ್ನುತ್ತಿರಲಿಲ್ಲ, ಕರಿಕಾಳು ಎನ್ನುತ್ತಿದ್ದೆವು. ನಗಬೇಡಿ. ಪ್ರೀತಿಯಲ್ಲಿ ಜನ ಎಂತೆಂಥ ಪೆದ್ದುತನ ಮಾಡುತ್ತಾರೆ ಎಂದು ನಿಮಗೂ ಗೊತ್ತು.

ಸಿಸ್ಟರಮ್ಮ ಬಂದ ಮರುದಿನವೇ ಆ ಕಟ್ಟುಪಾಡಿನ ಮೇಲೆ ಕಾಲಿಟ್ಟರು. ಭಾವನ ಹಾಸಿಗೆಯ ಪಕ್ಕದಲ್ಲಿ ಕೂತು, ಗಾಯ ತೊಳೆಯುತ್ತಾ, ದೊಡ್ಡ ದನಿಯಲ್ಲಿ, "ಒಂದು ಲೋಟ ಬಿಸಿನೀರಿಗೆ ಒಂಚೂರು ಮೆಣಸು ಹಾಕಿ ಕೊಡ್ತೀರಾ? ಗಂಟಲು ಕಟ್ಟಿದೆ" ಎಂದರು. ಅಕ್ಕನ ಕೈಯಲ್ಲಿದ್ದ ತಟ್ಟೆ ಠಣ್ಣೆಂದು ಬಿತ್ತು. ಭಾವನ ಬೆನ್ನು ಒಮ್ಮೆ ನಡುಗಿದ್ದನ್ನು ನಾನು ಕಂಡೆ. ಸಿಸ್ಟರಮ್ಮನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುದನಿಯಲ್ಲೇ ಎಲ್ಲ ಹೇಳಿದೆ. ಅವರು ಮೆಣಸಿನ ಡಬ್ಬಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಕರಿಕಾಳು" ಎಂದರು.

"ಹೌದು."

"ಆಯ್ತಮ್ಮ. ನಿಮ್ಮ ಮನೆ, ನಿಮ್ಮ ಮಾತು. ನಾನಾಗಿ ಎತ್ತಲ್ಲ. ಆದ್ರೆ ಅವರಾಗೇ ಎತ್ತಿದ್ರೆ ನಾನು ಬಾಯಿ ಮುಚ್ಚಿಸಲ್ಲ, ಈಗ್ಲೇ ಹೇಳಿದೀನಿ."

ಬಸ್ ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ನನ್ನ ಕೆಲಸ. ಇಡೀ ದಿನ 'ಬಸ್ಸು ಎಷ್ಟು ಹೊತ್ತಿಗೆ' ಎಂದವರಿಗೆ ಉತ್ತರ ಕೊಟ್ಟೂ ಕೊಟ್ಟೂ ನನ್ನ ನಾಲಿಗೆ ಹರಿತವಾಗಿದೆ ಎಂದು ಮನೆಯವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಸಿಸ್ಟರಮ್ಮ ನಮ್ಮ ಮನೆಯ ಕೆಲಸ ಮುಗಿಸಿ ಹೊರಡುವ ಹೊತ್ತೂ ನಾನು ಕೆಲಸಕ್ಕೆ ಹೊರಡುವ ಹೊತ್ತೂ ಒಂದೇ ಆದ್ದರಿಂದ ಇಷ್ಟವಿದ್ದರೂ ಇಲ್ಲದಿದ್ದರೂ ಜೊತೆಯಲ್ಲಿ ನಡೆಯಬೇಕಾಗುತ್ತಿತ್ತು. ಅವರ ಕಥೆ ನನಗೆ ತಿಳಿದದ್ದು ಹಾಗೆ. ಅವರ ತಾಯಿ ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುತ್ತಿದ್ದವರು. ಆಸ್ಪತ್ರೆ ಎಂದರೆ ಬಟ್ಟೆ ಕೊಳೆ ಮಾಡುವವರ ದೊಡ್ಡ ಮನೆ ಎಂದೇ ಚಿಕ್ಕಂದಿನಲ್ಲಿ ತಿಳಿದುಕೊಂಡಿದ್ದರಂತೆ. ನರ್ಸಿಂಗ್ ಓದಲು ಸೇರಿ, ಮೊದಲ ಸಲ ಒಬ್ಬ ರೋಗಿಯ ರಕ್ತ ನೋಡಿದಾಗ ದೊಪ್ಪೆಂದು ಬಿದ್ದರು. ಈ ಗಾತ್ರದ ಹುಡುಗಿಯನ್ನು ಎತ್ತಲು ನಾಲ್ಕು ಜನ ಬೇಕಾಯಿತು, ಆ ರೋಗಿ ಎದ್ದು ಬಂದು ಗಾಳಿ ಹಾಕಿದ. ಮೂಳೆ ಮುರಿದವರ ವಾರ್ಡಿನಲ್ಲಿ ನಿಂತೂ ನಿಂತೂ ಮಂಡಿ ಸವೆಯಿತು. ಮನೆ ಮನೆಗೆ ಹೋಗುವ ಕೆಲಸ ಕೇಳಿ ಪಡೆದರು. ಕೂತು ಮಾಡುವ ಕೆಲಸ ಅಂದುಕೊಂಡಿದ್ದರಂತೆ, ಈಗ ನಡೆದೂ ನಡೆದೂ ಪಾದ ಸವೆಯುತ್ತಿದೆ. ಗಂಡ ಗಡಿಯಾರ ರಿಪೇರಿಯವರು, ಮನೆಯಲ್ಲಿ ಮಾತ್ರ ಒಂದು ಗಡಿಯಾರವೂ ಸರಿಯಾಗಿ ನಡೆಯುವುದಿಲ್ಲ.

ಒಂದು ದಿನ ನಾನು ನೇರವಾಗಿ ಕೇಳಿಬಿಟ್ಟೆ. "ನೀವೂ ಮಗು ಕಳಕೊಂಡವರಾ?"

"ಇಲ್ಲ ಕಣ್ರೀ. ಎರಡೂ ಗಟ್ಟಿಮುಟ್ಟಾಗಿದ್ದಾವೆ, ನನ್ನ ತಲೆ ತಿನ್ನೋಕೆ."

"ಹಾಗಿದ್ರೆ ನಮ್ಮ ಭಾವನ ಕಷ್ಟ ನಿಮಗೇನು ಗೊತ್ತು?"

"ಗೊತ್ತಿಲ್ಲ. ಅದಕ್ಕೇ ಅವರೇ ಹೇಳ್ಲಿ ಅಂತ ಕಾಯ್ತಾ ಇದೀನಿ" ಎಂದರು.

ನಾನು ಬಿರಬಿರನೆ ಮುಂದೆ ನಡೆದೆ.

ಕಾಯುವುದೆಂದರೆ ಅವರು ಸುಮ್ಮನೆ ಕೂತಿರುತ್ತಿರಲಿಲ್ಲ. ಭಾವನಿಗೆ ಕನಿಕರದ ಒಂದು ಮಾತೂ ಇಲ್ಲ. ಬದಲಿಗೆ ತಮ್ಮ ಗೋಳು: ಬಸ್ಸಿನಲ್ಲಿ ಜಾಗ ಸಿಗದ ಗೋಳು, ಗಂಡನ ಗೋಳು, ಕಾಲಿನ ಗೋಳು. ಗೋಡೆಗೆ ಹೇಳಿದ ಹಾಗೆ. ಒಂದು ಬೆಳಿಗ್ಗೆ ಅವರ ಬೂಟಿನ ಅಟ್ಟೆ ಬಾಯಿ ಬಿಟ್ಟಿತು. ಅದನ್ನು ಕಳಚಿ, ಸೀದಾ ಭಾವನ ಹಾಸಿಗೆಯ ಮೇಲೆ, ಅವರ ಮುಖದ ಹತ್ತಿರ ಇಟ್ಟರು. ಬೀದಿ ತುಳಿದು ಬಂದ ಬೂಟು, ನಾನು ಒಗೆದು ಹಾಸಿದ ಬಟ್ಟೆಯ ಮೇಲೆ! ನನಗೆ ಮೈಯೆಲ್ಲ ಉರಿಯಿತು.

"ಇದನ್ನ ಹೊಲಿದವನಿಗೆ ಏನು ಶಿಕ್ಷೆ ಕೊಡಬಹುದು, ನೀವೇ ಹೇಳಿ" ಎಂದರು ಸಿಸ್ಟರಮ್ಮ.

ಭಾವನ ಕೈ ನಿಧಾನವಾಗಿ ಬಂತು. ನಮ್ಮ ಕಡೆ ತಿರುಗದೆಯೇ ಬೂಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಹೊಲಿದಿಲ್ಲ. ಅಂಟು ಹಾಕಿದ್ದಾನೆ, ಕಳ್ಳ" ಎಂದರು. ಎಷ್ಟೋ ದಿನಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು ಅದು. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಾಸಿದ ಬಟ್ಟೆ ಹಾಳಾಗಿ ಹೋಗಲಿ ಎಂದುಕೊಂಡೆ.

ಅಲ್ಲಿಂದ ಮುಂದಿನದು ತಾನಾಗಿ ನಡೆಯಿತು. ಕಾಗದದ ಮೇಲೆ ಸಿಸ್ಟರಮ್ಮನನ್ನು ನಿಲ್ಲಿಸಿ ಭಾವ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಕಾಗದ ಸಾಲದೆ ಇನ್ನೊಂದನ್ನು ಅಂಟಿಸಬೇಕಾಯಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಸಿಸ್ಟರಮ್ಮನೇ. ಕೆಲಸದ ಹಲಗೆ, ಉಳಿ, ದಬ್ಬಳ ಎಲ್ಲ ಮಲಗುವ ಕೋಣೆಗೆ ಬಂದವು. ಕೂತರೆ ಮಾತ್ರ ಕೆಲಸ, ಹಿಮ್ಮಡಿ ತೇಲುವ ಹಾಗೆ ಕಾಲನ್ನು ಸ್ಟೂಲಿನ ಮೇಲೆ ಚಾಚಿದರೆ ಮಾತ್ರ ಕೂರುವುದು ಎಂಬ ಷರತ್ತು ಸಿಸ್ಟರಮ್ಮನದು. ದುಡಿದ ಕೈ ಹಸಿವನ್ನು ಕೇಳಿತು. ತಟ್ಟೆ ಖಾಲಿಯಾಗಿ ಅಡುಗೆಮನೆಗೆ ವಾಪಸು ಬರತೊಡಗಿತು. ಹುಣ್ಣಿನಲ್ಲಿ ಕೆಂಪಗೆ ಹೊಸ ಮಾಂಸ ಬರುತ್ತಿದೆ, ಮಾಯುತ್ತಿದೆ ಎಂದು ಸಿಸ್ಟರಮ್ಮ ನನಗೆ ತೋರಿಸಿದರು. ಹುಣ್ಣು ನೋಡಿ ಸಂತೋಷಪಡುವ ಕಾಲವೂ ಬರುತ್ತದೆ ಎಂದು ನಾನು ತಿಳಿದಿರಲಿಲ್ಲ. ಮಗಳ ಮಾತನ್ನು ಮಾತ್ರ ಭಾವ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಬೂಟು ಮುಗಿದ ದಿನ ಅದಕ್ಕೆ ಬಣ್ಣ ಹಾಕಿ ಉಜ್ಜಲು ನನ್ನ ಕೈಗೆ ಕೊಟ್ಟರು. ಕಪ್ಪು ತೊಗಲು, ಹೊಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣದು. ಉಜ್ಜಿ, ಕಿಟಕಿಯ ಕಟ್ಟೆಯ ಮೇಲೆ ಜೋಡಿಯಾಗಿ ಇಟ್ಟು ಹಿಂದೆ ಸರಿದು ನೋಡಿದೆ. ಎಡಗಡೆಯ ಅಟ್ಟೆ ಎತ್ತರವಾಗಿತ್ತು. ಪದರದ ಮೇಲೆ ಪದರ ಬೆಂಡು, ಮೇಲೆ ನೀಟಾಗಿ ಹೊದಿಸಿದ ತೊಗಲು. ಅಳತೆ ಸಿಸ್ಟರಮ್ಮನ ಪಾದದ್ದು, ಎತ್ತರ ಮೆಣಸಿನದು. ಹದಿನೆಂಟು ವರ್ಷ ರೂಢಿಯಾದ ಕೈ, ಭಾವನನ್ನು ಕೇಳದೆ ತನ್ನ ಕೆಲಸ ಮಾಡಿಬಿಟ್ಟಿತ್ತು.

ಅಕ್ಕನನ್ನು ಕರೆದು ತೋರಿಸಿದೆ. ಅವಳು ಆ ಬೂಟನ್ನು ಎತ್ತಿಕೊಂಡು, ಎಡಗಡೆಯದರ ಅಟ್ಟೆಯನ್ನು ಸೆರಗಿನಿಂದ ಒರೆಸಿದಳು. ಒರೆಸುವಂಥ ಧೂಳು ಏನೂ ಇರಲಿಲ್ಲ. "ಅವರಿಗೆ ಗೊತ್ತಾದ್ರೆ ಮತ್ತೆ ಮಲಗಿಬಿಡ್ತಾರೆ ಕಣೇ. ಈ ಸಲ ಮಲಗಿದ್ರೆ ಏಳಲ್ಲ" ಎಂದಳು. ನನಗೂ ಹಾಗೇ ಅನಿಸಿತು. ಗೇಟಿನ ಹತ್ತಿರ ಹೋಗಿ ಕಾದು ನಿಂತೆ. ಸಿಸ್ಟರಮ್ಮ ಬಂದೊಡನೆ ಅಡ್ಡಗಟ್ಟಿ ವಿಷಯ ಹೇಳಿದೆ. "ಸುಮ್ನೆ ಹಾಕ್ಕೊಂಡು, ಚೆನ್ನಾಗಿದೆ ಅನ್ನಿ ಸಾಕು. ಬೇರೆ ಕಡೆ ಕೊಟ್ಟು ಅದನ್ನ ಕೆತ್ತಿಸಿಕೊಡೋ ಜವಾಬ್ದಾರಿ ನನ್ನದು."

"ಆಗಲ್ಲಮ್ಮ. ರೋಗಿ ಹತ್ರ ನಾನು ಸುಳ್ಳು ಹೇಳಲ್ಲ. ದೊಡ್ಡ ಸತ್ಯವಂತೆ ಅಂತಲ್ಲ. ಯಾರಿಗೆ ಏನು ಹೇಳಿದೆ ಅಂತ ನೆನಪಿಟ್ಟುಕೊಳ್ಳೋಕೆ ಆಗಲ್ಲ."

"ನೀವಾಗಿ ಎತ್ತಲ್ಲ ಅಂತ ಮಾತು ಕೊಟ್ಟಿದ್ರಿ."

"ನಾನೆಲ್ಲಿ ಎತ್ತಿದೆ? ಅವರೇ ಎತ್ತಿದ್ದಾರಲ್ಲ. ಹೊಲಿದು ಮುಂದಿಟ್ಟಿದ್ದಾರೆ" ಎಂದು ಒಳಗೆ ಹೋದರು.

ಬೂಟು ಹಾಕಿಕೊಂಡು ಎದ್ದು ನಿಂತರು. ಅಷ್ಟು ದೊಡ್ಡ ಹೆಂಗಸು ಬಲಗಡೆಗೆ ವಾಲಿ, ಗೋಡೆ ಹಿಡಿದುಕೊಂಡರು. "ಪಾದಕ್ಕೆ ಹೂವಿಟ್ಟ ಹಾಗಿದೆ. ಆದ್ರೆ ಎಡಗಡೆದು ಎತ್ತರ ಆಯ್ತು. ಈ ಎತ್ತರ ನನ್ನದಲ್ಲ. ಯಾರದು?" ಎಂದು ಕೇಳಿದರು, ಬಹಳ ಮೆತ್ತಗೆ.

ಭಾವ ಬೂಟು ನೋಡಿದರು. ಕೈ ಚಾಚಿದರು. ಸಿಸ್ಟರಮ್ಮ ಕಳಚಿ ಕೊಟ್ಟರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಎದೆಯ ಮೇಲೆ ಇಟ್ಟುಕೊಂಡು, ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಗಾಯ ಕಟ್ಟಲೂ ಬಿಡಲಿಲ್ಲ. ಬೆಳಗಿನ ತಿಂಡಿಯ ತಟ್ಟೆ ಹಾಗೇ ವಾಪಸು ಬಂತು.

ಗೇಟಿನಲ್ಲಿ ನಾನು ಸಿಸ್ಟರಮ್ಮನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕಟ್ಟಿದ್ದನ್ನು ಒಂದೇ ಏಟಿಗೆ ಕೆಡವಿದಿರಿ ಎಂದೆ. ನಾಳೆಯಿಂದ ಬರಬೇಡಿ, ಬೇರೆಯವರನ್ನು ಕಳಿಸಲು ಹೇಳುತ್ತೇನೆ ಎಂದೆ. ಅವರು ಮುಖ ತಿರುಗಿಸದೆ ಎಲ್ಲವನ್ನೂ ಕೇಳಿಸಿಕೊಂಡರು. "ಬೇರೆಯವರು ಬರೋವರೆಗೂ ಗಾಯ ಕಾಯಲ್ಲ. ನಾಳೆ ನಾನೇ ಬರ್ತೀನಿ, ಬೈಯೋದಿದ್ರೆ ನಾಳೆನೂ ಬೈರಿ" ಎಂದು ಬಾಯಿ ಬಿಟ್ಟ ಹಳೇ ಬೂಟಿಗೆ ದಾರ ಸುತ್ತಿಕೊಂಡು ಹೋದರು. ಅವರಿಗೂ ಹೆದರಿಕೆ ಇತ್ತು. ದಾರವನ್ನು ಎರಡು ಸಲ ಬಿಚ್ಚಿ ಮತ್ತೆ ಸುತ್ತಿದ್ದರು.

ಮರುದಿನ ಬೆಳಿಗ್ಗೆ ಅಕ್ಕ ನೀರು ಕೊಡಲು ಹೋದಾಗ ಹಾಸಿಗೆ ಖಾಲಿ. ನಾವಿಬ್ಬರೂ ಓಡಿದೆವು. ಭಾವ ಮುಂದಿನ ಕೋಣೆಯಲ್ಲಿ, ತಮ್ಮ ಹಳೆಯ ಜಾಗದಲ್ಲಿ, ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಗೋಡೆ ಹಿಡಿದು, ತುದಿಗಾಲಲ್ಲಿ ಬಂದಿದ್ದರಂತೆ. ತೊಡೆಯ ಮೇಲೆ ಆ ಎಡಗಡೆಯ ಬೂಟು. ಹೊದಿಸಿದ ತೊಗಲು ಬಿಚ್ಚಿ, ಬೆಂಡನ್ನು ಉಳಿಯಿಂದ ಪದರ ಪದರವಾಗಿ ಎಬ್ಬಿಸುತ್ತಿದ್ದರು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಕೈ ಮಾತ್ರ ಹದ ತಪ್ಪಲಿಲ್ಲ. ಸಿಸ್ಟರಮ್ಮ ಯಾವಾಗ ಬಂದರೋ, ಬಾಗಿಲಲ್ಲಿ ನಿಂತಿದ್ದರು. ಕೊನೆಯ ಪದರ ತೆಗೆದು, ಹೊಸ ಅಟ್ಟೆ ಹಾಕಿ, ಎರಡು ಬೂಟುಗಳನ್ನೂ ಹಲಗೆಯ ಮೇಲೆ ಜೋಡಿಸಿ ಭಾವ ಮಟ್ಟ ನೋಡಿದರು. ನಾನು ಆವತ್ತು ಕೆಲಸಕ್ಕೆ ಹೋಗಲಿಲ್ಲ.

"ಹಾಕ್ಕೊಂಡು ಬಾಗಿಲ ತನಕ ಹೋಗಿ ಬಾ" ಎಂದರು ಭಾವ. ತಮಗಿಂತ ಹಿರಿಯರಾದ ಸಿಸ್ಟರಮ್ಮನಿಗೆ ಏಕವಚನ. ಅದು ಅವರು ಮಗಳಿಗೆ ಹೇಳುತ್ತಿದ್ದ ಮಾತು. ಹೊಸ ಬೂಟು ಹಾಕಿದಾಗಲೆಲ್ಲ ಹಾಗೆ ಅವಳನ್ನು ನಡೆಸಿ, ಎರಡೂ ಹೆಗಲು ಒಂದೇ ಮಟ್ಟದಲ್ಲಿವೆಯೇ ಎಂದು ನೋಡುತ್ತಿದ್ದರು. ಸಿಸ್ಟರಮ್ಮ ಮರುಮಾತಿಲ್ಲದೆ ನಡೆದು ಹೋಗಿ, ತಿರುಗಿ ಬಂದರು. ನೇರವಾಗಿ, ಲಕ್ಷಣವಾಗಿ ಬಂದರು.

"ಸರಿ ಇದೆ. ಮೆಣಸೂ ಹೀಗೇ ನಡೀತಿದ್ಲು, ಇಷ್ಟೇ ನೇರವಾಗಿ. ನಾನು ಹೊಲಿದ ಬೂಟು ಹಾಕಿದ್ರೆ ಅವಳಿಗೆ ಕಾಲು ಗಿಡ್ಡ ಅಂತ ಯಾರೂ ಹೇಳೋಕಾಗ್ತಿರಲಿಲ್ಲ" ಎಂದರು ಭಾವ.

ಎಷ್ಟೋ ದಿನಗಳ ಮೇಲೆ ಆ ಹೆಸರು ಮನೆಯೊಳಗೆ ಕೇಳಿಸಿತು. ಸೂರು ಕಳಚಿ ಬೀಳಲಿಲ್ಲ. ನಾನು ಅಕ್ಕನ ಕಡೆ ನೋಡಿದೆ. ಗಂಡನ ತಟ್ಟೆ, ಗಂಡನ ಗಾಯ, ಗಂಡನ ನಿದ್ದೆ ಎಂದು ಓಡಾಡುತ್ತಿದ್ದ ಅವಳು ಅಷ್ಟು ದಿನ ಒಬ್ಬರೆದುರೂ ಮಗಳಿಗಾಗಿ ಅತ್ತಿರಲಿಲ್ಲ. ಅವಳೂ ಹೆತ್ತವಳು ಎಂಬುದನ್ನು ನಾವೆಲ್ಲ ಮರೆತೇ ಬಿಟ್ಟಿದ್ದೆವು.

"ಇಲ್ಲ ರೀ" ಎಂದಳು ಅಕ್ಕ. "ಸ್ವಲ್ಪ ವಾಲ್ತಿದ್ಲು. ಬೀದಿ ತಿರುಗಿದ ಮೇಲೆ ವಾಲ್ತಿದ್ಲು. ನೀವು ನೋಡ್ತಿರೋವಾಗ ಮಾತ್ರ ನೇರ ನಡೀತಿದ್ಲು."

ಭಾವ ಅವಳನ್ನೇ ನೋಡಿದರು. "ಯಾವಾಗಿಂದ?"

"ಮೊದಲಿಂದ್ಲೂ. 'ಅಪ್ಪನಿಗೆ ಹೇಳಬೇಡ ಅಮ್ಮ, ಬೇಜಾರು ಮಾಡ್ಕೋತಾರೆ' ಅಂತಿದ್ಲು."

ಭಾವನ ಮುಖ ಮೊದಲು ಅಳಲು ಹೊರಟಿತು, ನಡುವೆಯೇ ನಗುವಾಯಿತು, ಮತ್ತೆ ಅಳುವಾಯಿತು. "ಕಳ್ಳಿ. ನನಗೇ ಟೋಪಿ ಹಾಕಿದ್ಲಾ" ಎಂದರು. ಆಮೇಲೆ, "ಇನ್ನೇನೇನು ಮುಚ್ಚಿಟ್ಟಿದ್ಲು? ಹೇಳು" ಎಂದರು.

ಅಕ್ಕ ಅವರ ಎದುರಿಗೆ ನೆಲದ ಮೇಲೆ, ತೊಗಲಿನ ಚೂರುಗಳ ನಡುವೆ ಕೂತಳು. ಅಳುತ್ತಾ ಅಳುತ್ತಾ ಒಂದೊಂದಾಗಿ ಹೇಳತೊಡಗಿದಳು. ಸಿಸ್ಟರಮ್ಮ ಪಕ್ಕಕ್ಕೆ ಸರಿದು, ಭಾವನ ಕಾಲನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಗಾಯದ ಬಟ್ಟೆ ಬಿಚ್ಚಿ ತೊಳೆದರು. ಭಾವನಿಗೆ ಅದು ತಿಳಿಯಲೇ ಇಲ್ಲ. ಅವರು ಹೆಂಡತಿಯ ಬಾಯನ್ನೇ ನೋಡುತ್ತಾ, "ಆಮೇಲೆ?" ಎಂದು ಕೇಳುತ್ತಿದ್ದರು.